ಒಂಬತ್ತು ಕೂಗು

ತವರಲ್ಲಿ ಬೇಳೆಗೆ ಮೂರು ಕೂಗು ಸಾಕಿತ್ತು.
ಮಹದೇವಪುರದ ಹೊಳೆನೀರು, ತುಸು ಮಣ್ಣಿನ ವಾಸನೆ;
ಮುಚ್ಚಳ ತೆಗೆದರೆ
ಸೌಟು ಮುಟ್ಟುವ ಮೊದಲೇ ಬೇಳೆ ಒಡೆದು ಕೂತಿರುತ್ತಿತ್ತು.

ಮಂಡ್ಯಕ್ಕೆ, ಗುತ್ತಲು ರಸ್ತೆಯ ಈ ಮನೆಗೆ
ಸೊಸೆಯಾಗಿ ಬಂದ ಮೊದಲ ಸೋಮವಾರ, ಆರು ಕೂಗು.
ಬೇಳೆ ತಳದಲ್ಲಿ, ಮೇಲೆ ಹಳದಿ ನೀರು,
ಒಂದಕ್ಕೊಂದು ಮಾತಿಲ್ಲ.
ಅತ್ತೆ ಕೆಂಪಾಜಮ್ಮ ಒಂದು ಕಾಳು ಹಿಸುಕಿ ನೋಡಿ
ಬೆರಳು ಸೆರಗಿಗೊರೆಸಿಕೊಂಡರು:
"ಕೈಗುಣ ಕಣಮ್ಮಿ. ಅದ್ಕೇನ್ ಮಾಡಾಕಾದದು."

ಕೈಗುಣ.
ಒಂದಿಡೀ ವರ್ಷ ಆ ಮಾತು
ಕಿಟಕಿಯ ಕಟ್ಟೆ ಮೇಲೆ ಹುಣಸೆ ಜಾಡಿಯ ಪಕ್ಕ ಕೂತಿತ್ತು.
ರಾತ್ರಿಯೇ ನೆನೆಹಾಕಿದೆ.
ಚಿಟಿಕೆ ಸೋಡ, ತೊಟ್ಟು ಹರಳೆಣ್ಣೆ,
ಅಂಗಡಿ ಬದಲಾಯಿಸಿದೆ, ಕುಕ್ಕರಿನ ರಬ್ಬರು ಎರಡು ಸಲ.
ಏಳಾಯಿತು, ಎಂಟಾಯಿತು, ಒಂಬತ್ತು ಕೂಗಾಯಿತು.
ಪಕ್ಕದ ಮನೆಯವರು ಗೋಡೆಯಾಚೆಯಿಂದ ಎಣಿಸತೊಡಗಿದರು.
ಅವರೆಯ ಕಾಲದಲ್ಲಿ ಹಿತಕಿದ ಬೇಳೆ ಕೂಡ
ತಟ್ಟೆಗೆ ಟಣ್ಣೆಂದು ಬಿತ್ತು.

ನಲ್ಲಿಯಲ್ಲಿ ಬರುವುದು ಬೋರಿನ ನೀರು.
ಕಾವೇರಿ ಪೈಪು ಮೂರನೇ ಕ್ರಾಸಿನ ತನಕ ಬಂದು
ಬಾಯಿಗೆ ಗೋಣಿತಾಟು ಕಟ್ಟಿಸಿಕೊಂಡು ಅಲ್ಲೇ ಮಲಗಿದೆ.
ಸಂಜೆ ಗಾಳಿ ತಿರುಗಿದರೆ ಆಲೆಮನೆಯ ಬೆಲ್ಲದ ಘಮ ಮನೆತುಂಬ,
ನಾಲಗೆಯ ಮೇಲೆ ಮಾತ್ರ ಒಗರು.
ಸೋಪು ನೊರೆಯಾಗುವ ಬದಲು ಮೊಸರಂತೆ ಒಡೆಯುತ್ತದೆ.
ನರ್ಸಿಂಗ್ ಓದುವ ನಾದಿನಿಯ ಬಿಳಿ ಕೋಟು
ಒಗೆದಷ್ಟೂ ಬೂದಿ.
ಟೀ ಮೇಲೆ ತೆಳ್ಳಗೆ ಒಂದು ಪೊರೆ, ಊದಿದರೆ ಮಡಿಚಿಕೊಳ್ಳುತ್ತದೆ.
ನನ್ನ ಬಾಚಣಿಗೆಯನ್ನು ಗಂಡ ಬೆಳಕಿಗೆ ಹಿಡಿದು ನೋಡಿ
ಏನೂ ಹೇಳದೆ ಇಟ್ಟುಬಿಡುತ್ತಾನೆ.

ಮಾಘದ ಚಳಿಯಲ್ಲಿ ಗೀಜರು ಗುರುಗುಟ್ಟಿ ಸತ್ತಿತು.
ಜಬೀವುಲ್ಲಾ ಬಂದ, ಬಿಚ್ಚಿದ,
ಕಾಯಿಲನ್ನು ಹಳೇ ಪೇಪರಿನ ಮೇಲೆ ಮಲಗಿಸಿದ.
ಕಾಯಿಲೆಲ್ಲಿ? ತೋಳು ದಪ್ಪದ ಬಿಳಿ ಕಲ್ಲು.
ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಸೀಳು ತೋರಿಸಿದ:
ಪದರದ ಮೇಲೆ ಪದರ, ಈರುಳ್ಳಿಯ ಹಾಗೆ.
"ಹನ್ನೊಂದು ವರ್ಷದ ಸುಣ್ಣ ಅಕ್ಕ.
ಈ ಬೋರು ತೋಡಿದ ದಿನದಿಂದ ಇದೇ ನೀರು.
ಇದ್ರಲ್ಲಿ ಬ್ಯಾಳೆ ಬೇಯಿಸ್ತೀರಾ? ಭಲೇ."

ಹನ್ನೊಂದು ವರ್ಷ.
ನಾನು ಬಂದದ್ದು ಮೊನ್ನೆ.
ಅಲ್ಲಿಯವರೆಗೆ ಈ ಮನೆಯ ಸಾರು
ಬೆಣ್ಣೆಯ ಹಾಗಿತ್ತೆಂದು ಬೀದಿಯೆಲ್ಲ ಹೇಳುತ್ತದಲ್ಲ?

ಸ್ಪ್ಯಾನರು ಒರೆಸುತ್ತ ಅವನೇ ಅಂದ:
"ಅಮ್ಮ ಆಗ ನಾಲೆ ಏರಿ ಕೆಳಗಿನ ಬಾವಿಗೆ ಹೋಗೋರು.
ನಾನು ಬೆಳಗಿನ ನಮಾಜು ಮುಗಿಸಿ ಬರೋ ಹೊತ್ಗೆ
ಸೊಂಟದಲ್ಲೊಂದು ಬಿಂದಿಗೆ, ಸೆರಗು ಮುಚ್ಚಿ.
ಮಂಡಿ ಹೋದ್ಮೇಲೆ ಕಾಣ್ಲಿಲ್ಲ."

ಪಡಸಾಲೆಯಲ್ಲಿ ಅತ್ತೆ
ಮರದ ತುಂಬ ರಾಗಿ ಹರಡಿಕೊಂಡು
ಇಲ್ಲದ ಕಲ್ಲು ಹುಡುಕುತ್ತಿದ್ದರು.
ಮಂಡಿಗೆ ಸುತ್ತಿದ ಹಳೇ ಪಂಚೆ, ನೀಲಗಿರಿ ಎಣ್ಣೆಯ ವಾಸನೆ.

ಹೊಸ ಸೊಸೆ ಹೊಸಿಲು ದಾಟುವಾಗ
ಜನ ನೋಡುವುದು ಕಾಲ್ಗುಣ.
ಅವರದನ್ನು ಯಾರೂ ನೋಡಲಿಲ್ಲ,
ಕತ್ತಲಲ್ಲಿ ಹೋಗಿ ಬರುತ್ತಿದ್ದ ಕಾಲು.
ಕೇಳಬೇಕೆಂದಿದ್ದೆ. ಕೇಳಲಿಲ್ಲ.
ಜಬೀವುಲ್ಲಾನಿಗೆ ಟೀ ಕೊಟ್ಟೆ, ಪೊರೆಯ ಸಮೇತ.

ಮಾರನೆ ಬೆಳಗ್ಗೆ ಅಡಿಗೆಕಟ್ಟೆಯ ಮೇಲೆ
ಐದು ರೂಪಾಯಿಯ ಒಂದು ನಾಣ್ಯ.
"ಕಾಸು ಕೊಟ್ಟ ನೀರಲ್ಲಿ ಯಾರಾದ್ರೂ ಅಟ್ಟಾರಾ" ಎನ್ನುತ್ತಿದ್ದವರು
ಗೋಡೆ ನೋಡುತ್ತ ಕ್ಯಾನನ್ನು ಕಾಲಲ್ಲಿ ನನ್ನತ್ತ ಸರಿಸಿದರು.
ಹೋದೆ. ಯಂತ್ರದ ಸೀಳಿಗೆ ನಾಣ್ಯ ಹಾಕಿದೆ,
ಇಪ್ಪತ್ತು ಲೀಟರು ಸದ್ದು ಮಾಡುತ್ತ ತುಂಬಿತು.

ಒಂದು.
ಎರಡು.
ಮೂರಕ್ಕೆ ಒಲೆ ಆರಿಸಿದೆ.
ಗೋಡೆಯಾಚೆಯವರು ಇನ್ನೂ ಕಾಯುತ್ತಿದ್ದಿರಬೇಕು.

ಅತ್ತೆ ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿದರು.
ಇನ್ನೊಂದು ತುತ್ತು.
ತುಂಬ ಹೊತ್ತಿನ ಮೇಲೆ ತಟ್ಟೆಯಿಂದ ತಲೆಯೆತ್ತದೆ
"ಉಪ್ಪು ಕಮ್ಮಿ ಕಣಮ್ಮಿ" ಅಂದರು.
ನಿಜ.
ಇಷ್ಟು ದಿನ ಅರ್ಧ ಉಪ್ಪು ನೀರೇ ಹಾಕುತ್ತಿತ್ತು.